ಒಂದು ಬೆಳಕಿಂಡಿಗೆ ಇಬ್ಬರು ದೊರೆಗಳು

ಅಣ್ಣನ ತಿಥಿಯ ದಿನ ಮೊದಲ ಪಂಕ್ತಿ ಎದ್ದು ಎರಡನೆಯ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಅಷ್ಟರಲ್ಲಿ ಶಾಮಿಯಾನದ ಕೆಳಗೆ ಕೂತಿದ್ದ ಗಂಡಸರು ಶುರುಮಾಡಿಕೊಂಡರು. ಮನೆ ಮುಂದಿನ ರಸ್ತೆ ಅಗೆದು ಹಾಗೇ ಬಿಟ್ಟಿದ್ದಾರೆ ಎಂಬಲ್ಲಿಂದ ಮಾತು ಹೊರಟಿತು. ಹಿಂದಿನ ಕಾಲದ ಅರಸನಾಗಿದ್ದರೆ ಒಂದೇ ಅಪ್ಪಣೆಗೆ ಮುಚ್ಚಿಸುತ್ತಿದ್ದ ಎಂದು ಒಬ್ಬರು. ಅದೇ ಅರಸ ನಿನ್ನ ಹೊಲ ಕಿತ್ತುಕೊಂಡಿದ್ದರೆ ಯಾರ ಹತ್ತಿರ ಹೇಳಿಕೊಳ್ಳುತ್ತಿದ್ದೆ, ಈಗಿನವರನ್ನಾದರೆ ಓಟು ಹಾಕಿ ಮನೆಗೆ ಕಳಿಸಬಹುದು ಎಂದು ಇನ್ನೊಬ್ಬರು. ಕಳಿಸಿದರೆ ಆಮೇಲೆ ಬರುವವನು ಅವನ ತಮ್ಮನೇ ಎಂದು ಮೂರನೆಯವರು. ಎಲ್ಲರೂ ನಕ್ಕರು. ಅಣ್ಣನ ಫೋಟೋಗೆ ಹಾಕಿದ್ದ ಹಾರ ಇನ್ನೂ ಬಾಡಿರಲಿಲ್ಲ. ಸಂಬಂಧದ ಹುಡುಗನೊಬ್ಬ ನನ್ನನ್ನು ಕೂಗಿ ಕರೆದ.

"ಅಜ್ಜಿ, ನೀವೇ ಹೇಳಿ. ನಿಮ್ ತಾತ ಪಟೇಲ್ರು, ನಿಮ್ ತಂದೆ ಛೇರ್ಮನ್ನು. ಎರಡೂ ನೋಡಿರೋರು ಈಗ ನೀವೊಬ್ರೇ ಉಳಿದಿರೋದು. ಯಾವ್ದು ವಾಸಿ?"

ನಾನೊಬ್ಬಳೇ ಉಳಿದಿರುವುದು ನಿಜ. ಅದನ್ನು ಆ ದಿನ, ಆ ಜಾಗದಲ್ಲಿ, ಒಂದು ಹರಟೆಯ ತೀರ್ಪಿಗೋಸ್ಕರ ನೆನಪಿಸಬೇಕಾಗಿರಲಿಲ್ಲ. ಎಲೆ ಹಾಕಿದ್ದಾರೆ, ಏಳ್ರಪ್ಪ ಎಂದು ಹೇಳಿ ಒಳಗೆ ಹೋಗಿ ಕೂತೆ. ಸಿಟ್ಟು ಇಳಿಯಲಿಲ್ಲ. ಈಗಲೂ ಪೂರ್ತಿ ಇಳಿದಿಲ್ಲ. ನಾನು ಮಾತು ಕಲಿತದ್ದೇ ಆ ವಾದದ ನಡುವೆ. ನಮ್ಮ ಮನೆಯಲ್ಲಿ ಅದು ಬೆಳಿಗ್ಗೆ ಗಂಜಿಯ ಜೊತೆ ಶುರುವಾದರೆ ಸಂಜೆ ಮುದ್ದೆಯ ಜೊತೆ ನಿಲ್ಲುತ್ತಿತ್ತು. ಮಾರನೆಯ ದಿನ ಬಿಟ್ಟಲ್ಲಿಂದ ಮುಂದುವರಿಯುತ್ತಿತ್ತು. ಹಿಂದಿನ ಅರಸರ ಅಧಿಕಾರ ದೊಡ್ಡದೋ, ಜನ ಆರಿಸಿದವನ ಅಧಿಕಾರ ದೊಡ್ಡದೋ ಎಂದು ಗಂಡಸರು ಅಳೆದು ತೂಗುತ್ತಿದ್ದಷ್ಟು ಕಾಲವೂ ಒಳಗೆ ನಮ್ಮವ್ವನ ಕಣ್ಣು ಹಾಳಾಗುತ್ತಿತ್ತು.

ನಮ್ಮೂರು ಅಮೃತಹಳ್ಳಿಯ ಆಚೆ, ಕೆರೆ ಏರಿಯ ಮೇಲೆ ನಡೆದುಹೋದರೆ ಸಿಗುತ್ತಿದ್ದ ಸಣ್ಣ ಹಳ್ಳಿ. ಈಗ ನಮ್ಮ ಮನೆ ಇದ್ದ ಜಾಗದಲ್ಲಿ ಅಣ್ಣ ಕಟ್ಟಿಸಿದ ಬಾಡಿಗೆ ಮನೆಗಳಿವೆ. ಒಂದೊಂದು ಅಡುಗೆಮನೆಗೂ ಎರಡೆರಡು ಕಿಟಕಿ, ಮೇಲೆ ಹೊಗೆ ಎಳೆಯುವ ಮಿಷನ್ನು. ಸದ್ದು ಜಾಸ್ತಿ ಎಂದು ಅದನ್ನು ಯಾರೂ ಹಾಕುವುದಿಲ್ಲ. ಆಗಿನ ಮನೆಗೆ ಪಟೇಲರ ಮನೆ ಎಂಬ ಹೆಸರಿತ್ತೇ ಹೊರತು ದೊಡ್ಡ ಮನೆಯೇನಲ್ಲ. ಮುಂದೆ ಜಗಲಿ, ಒಳಗೆ ಪಡಸಾಲೆ, ಅದರ ಹಿಂದೆ ನಡುಮನೆ, ಕೊನೆಗೆ ಅಡುಗೆಮನೆ. ಅಡುಗೆಮನೆಯ ಒಂದು ಗೋಡೆಯಾಚೆ ದನದ ಕೊಟ್ಟಿಗೆ, ಇನ್ನೊಂದರ ಆಚೆ ಹಿತ್ತಿಲು. ನಡುಮನೆಯ ಕಡೆಗೆ ಒಂದು ಬಾಗಿಲು ಬಿಟ್ಟರೆ ಅದಕ್ಕೆ ಬೇರೆ ಕಂಡಿಯೇ ಇರಲಿಲ್ಲ. ಒಲೆಗೆ ಹಾಕುತ್ತಿದ್ದದ್ದು ತೊಗರಿಕಡ್ಡಿ, ಹಿಪ್ಪುನೇರಳೆ ಕಡ್ಡಿ, ಬೆರಣಿ. ಮಳೆಗಾಲದಲ್ಲಿ ಅವು ಉರಿಯುವುದಕ್ಕಿಂತ ಅಳುವುದೇ ಹೆಚ್ಚು. ಹೊಗೆ ಎದ್ದು ಹೆಂಚಿನವರೆಗೆ ಹೋಗಿ, ದಾರಿ ಕಾಣದೆ ಮತ್ತೆ ಕೆಳಗಿಳಿದು, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ ಹೆಂಗಸರ ಮುಖದ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು. ಆ ಹೆಂಗಸರು ಇಬ್ಬರು. ಒಬ್ಬಳು ನಮ್ಮವ್ವ. ಇನ್ನೊಬ್ಬಳು ಅಪ್ಪನ ಅಕ್ಕ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಉಳಿದಿದ್ದ ನಮ್ಮತ್ತೆ.

ಪಡಸಾಲೆಯ ಬಲಗಡೆ ಮೊಳಕಾಲೆತ್ತರದ ಕಟ್ಟೆಯೊಂದಿತ್ತು. ಮೇಲೆ ಕಂಬಳಿ ಹಾಸಿ, ಗೋಡೆಗೆ ಒಂದು ಒರಗುದಿಂಬು ಇಟ್ಟಿರುತ್ತಿದ್ದರು. ಅಲ್ಲಿ ತಾತ ಒಬ್ಬನೇ ಕೂರುತ್ತಿದ್ದದ್ದು. ಬದುವಿನ ಜಗಳ, ಪಕ್ಕದವನ ಪೈರಿಗೆ ನುಗ್ಗಿದ ದನ, ಗಂಡಹೆಂಡಿರ ಮುನಿಸು, ಎಲ್ಲದಕ್ಕೂ ಊರಿನವರು ಬಂದು ಆ ಕಟ್ಟೆಯ ಮುಂದೆ ನಿಲ್ಲುತ್ತಿದ್ದರು. ತಾತ ಎಲೆಯಡಿಕೆ ಜಗಿಯುತ್ತಾ ಕೇಳಿ ಒಂದು ಮಾತು ಹೇಳಿದರೆ ಮುಗಿಯಿತು. ಅಪ್ಪ ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಗೆದ್ದು ಛೇರ್ಮನ್ ಆದ ಮೇಲೆ ಯಲಹಂಕದಿಂದ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಒಂದು ಮಡಚುವ ಕುರ್ಚಿ ತಂದ. ಅದನ್ನು ಪಡಸಾಲೆಯ ಎಡಗಡೆ, ಕಟ್ಟೆಗೆ ಎದುರಾಗಿ ಹಾಕಿದ. ಅವತ್ತಿನಿಂದ ಒಂದೇ ಪಡಸಾಲೆಯಲ್ಲಿ ಎರಡು ಸರ್ಕಾರ. ಬದುವಿನವರು ಬಲಕ್ಕೆ, ಬೀದಿ ದೀಪ ಮತ್ತು ಶಾಲೆಯವರು ಎಡಕ್ಕೆ. ಬಲಗಡೆ ಬೈಸಿಕೊಂಡವರು ತಿರುಗಿ ಎಡಗಡೆ ಕೇಳಿನೋಡುವುದೂ ಇತ್ತು. ತಾತ ಪ್ರಾಯದಲ್ಲಿ ಒಮ್ಮೆ ಮೈಸೂರಿನ ದಸರಾಕ್ಕೆ ಹೋಗಿ ಅಂಬಾರಿ ನೋಡಿ ಬಂದವನು. ಅಪ್ಪ ಎಂಟನೆಯ ಕ್ಲಾಸು ಓದಿ ಖಾದಿ ಹಿಡಿದವನು. ನಡುವಿನ ನೆಲದಲ್ಲಿ ಕೂತು ನಾನೂ ಅಣ್ಣನೂ ಸ್ಲೇಟು ಉಜ್ಜುತ್ತಿದ್ದೆವು. ಅಣ್ಣ ತಾತನ ಕಡೆಯವನು, ನಾನು ಅಪ್ಪನ ಕಡೆಯವಳು. ಯಾರೂ ಕೇಳಿರಲಿಲ್ಲ, ನಾವೇ ಹಂಚಿಕೊಂಡಿದ್ದೆವು.

"ಕೆರೆ ತೂಬಿನ ತಾವ ಕಲ್ಲು ನಿಂತದಲ್ಲ," ತಾತ ಶುರುಮಾಡುತ್ತಿದ್ದ. "ಅದ್ರಲ್ಲಿ ಏನು ಬರ್ದವ್ರೆ ಗೊತ್ತೇನ್ಲಾ? ಸೂರ್ಯ ಚಂದ್ರ ಇರೋಗಂಟ ಈ ಭೂಮಿ ಕೆರೆಗೆ ಸೇರಿದ್ದು ಅಂತ. ಸೂರ್ಯ ಚಂದ್ರ ಇರೋಗಂಟ! ನಿನ್ ಠರಾವು ಎಷ್ಟು ದಿನ ಇರ್ತದೆ?"

"ಆ ಕಲ್ಲು ಓದಕ್ಕೆ ಬತ್ತದಾ ನಿಂಗೆ?" ಅಪ್ಪ ಕೇಳುತ್ತಿದ್ದ.

"ಓದೋದ್ಯಾಕೆ? ಕಲ್ಲಲ್ಲಿ ಕೆತ್ತವ್ರೆ ಅಂದ್ಮೇಲೆ ದೊಡ್ಡ ಮಾತೇ ಆಗಿರ್ಬೇಕು."

"ಅರಸ ಕೊಟ್ಟ ಸರಿ. ಕಿತ್ಕೊಂಡಿದ್ರೆ ಅವನ್ನ ಕೇಳೋರ್ಯಾರು? ನಾನು ತಪ್ಪು ಮಾಡಿದ್ರೆ ಊರಿನವ್ರು ಬಂದು ಕುತ್ತಿಗೆ ಪಟ್ಟಿ ಹಿಡಿದು ಕೇಳ್ತಾರೆ."

"ತಪ್ಪು ಮಾಡಾಕಾದ್ರೂ ನಿನ್ ಕೈಲಿ ಆಗ್ತದೇನ್ಲಾ? ಅದ್ಕೂ ಒಂದು ಠರಾವು ಮಾಡಿ ಬ್ಲಾಕ್ ಆಫೀಸಿಗೆ ಕಳಿಸ್ಬೇಕು."

ಕೇಳಲು ಬಂದವರು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಒಳಗಿನಿಂದ ಕೆಮ್ಮು ಕೇಳಿಸುತ್ತಿತ್ತು.

ಬೆಳಕಿಂಡಿಯ ವಿಷಯ ಅವ್ವ ಮೊದಲು ಎತ್ತಿದ್ದು ಮದುವೆಯಾಗಿ ಬಂದ ಹೊಸದರಲ್ಲಂತೆ. ಹಿತ್ತಿಲ ಕಡೆಯ ಗೋಡೆಯಲ್ಲಿ, ಒಲೆಯ ಮೇಲಕ್ಕೆ, ಒಂದು ಕಂಡಿ ಹೊಡೆಸಿದರೆ ಹೊಗೆ ಹೋಗುತ್ತದೆ, ಬೆಳಕೂ ಬರುತ್ತದೆ ಎಂದು ಅತ್ತೆಯ ಮೂಲಕ ಹೇಳಿಸಿದ್ದಳು. ಅತ್ತೆ ಹೋಗಿ ಹೇಳಿದ್ದು ಜಗಲಿಯಲ್ಲಿ, ನಾಲ್ಕು ಜನ ಹಿರಿಯರು ಕೂತಿದ್ದಾಗ. ನಿನ್ನೆ ಮೊನ್ನೆ ಬಂದ ಸೊಸೆ ಗೋಡೆ ಒಡೆಸುತ್ತಾಳಂತೆ ಎಂದು ಒಬ್ಬರು ನಕ್ಕರಂತೆ. ತಾತನಿಗೆ ಅಷ್ಟು ಸಾಕಾಯಿತು. "ಇದು ನಮ್ಮ ತಾತ ಕಟ್ಟಿದ ಗೋಡೆ. ನಾನಿರೋಗಂಟ ಇದ್ಕೆ ಆರೆ ಏಟು ಬೀಳಾಕಿಲ್ಲ" ಎಂದುಬಿಟ್ಟನಂತೆ. ವಾಸ್ತು, ದೇವರು, ದಿಕ್ಕು ಎಂಬ ಕಾರಣ ಯಾವುದೂ ಇರಲಿಲ್ಲ. ನಾಲ್ಕು ಜನರ ಮುಂದೆ ಮಾತು ಬಿತ್ತು, ಬಿದ್ದ ಮಾತನ್ನು ಎತ್ತಿಕೊಳ್ಳುವುದು ಪಟೇಲನಿಗೆ ಗೊತ್ತಿರಲಿಲ್ಲ. ಹಾಗಂತ ತಾತ ಕೆಟ್ಟವನಲ್ಲ. ಅವ್ವನನ್ನು ಕಂಡರೆ ಅವನಿಗೆ ಮಗಳಿಗಿಂತ ಹೆಚ್ಚು. ಹಿತ್ತಿಲಿನ ನಂದಿಬಟ್ಟಲು ಹೂವನ್ನು ತಾನೇ ಬಗ್ಗಿ ಬಿಡಿಸಿ ತಂದು, "ಅರ್ದು ಅಚ್ಕೊಳವ್ವ, ತಂಪು" ಎಂದು ಅಡುಗೆಮನೆಯ ಹೊಸ್ತಿಲಲ್ಲಿ ಇಡುತ್ತಿದ್ದ. ಸಂಜೆ ಕರೆದು ಕಣ್ಣು ಹೇಗಿದೆ ಎಂದು ಕೇಳುತ್ತಿದ್ದ. ನೆನೆದರೆ ಈಗಲೂ ಮೈ ಉರಿಯುತ್ತದೆ. ಹೂವಿಗೆ ಬಗ್ಗುತ್ತಿದ್ದವನು ಮಾತಿಗೆ ಬಗ್ಗಲಿಲ್ಲ.

ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ಅವ್ವನ ಎಡಗಣ್ಣು ಊದಿ ರೆಪ್ಪೆ ಅಂಟಿಕೊಂಡಿತು. ಅಪ್ಪ ಸೈಕಲ್ಲಿನಲ್ಲಿ ಕೂರಿಸಿಕೊಂಡು ಪೇಟೆಯ ಡಾಕ್ಟರ ಹತ್ತಿರ ಹೋದ. ಮುಂದೆ ಅಡ್ಡಕಂಬಿಯ ಮೇಲೆ ನಾನು. ಡಾಕ್ಟರು ವಯಸ್ಸಾದವರು. ಅವ್ವನ ರೆಪ್ಪೆ ಮಗುಚಿ ನೋಡಿ, ಅಡುಗೆಮನೆ ಹೇಗಿದೆ ಎಂದು ಕೇಳಿದರು. ಅವ್ವ ಹೇಳಿದಳು. ಅವರು ಮುಲಾಮು ಬರೆದುಕೊಟ್ಟು ಅಪ್ಪನ ಕಡೆ ತಿರುಗಿದರು.

"ಮುಲಾಮು ನಾನು ಕೊಡ್ತೀನಿ. ಹೊಗೆ ನೀವು ತೆಗೀಬೇಕು. ಇಲ್ದಿದ್ರೆ ಈಕೇನ ಮುಂದೆ ಕೈಹಿಡಿದು ನಡೆಸ್ಕೊಂಡು ಓಡಾಡ್ಬೇಕಾಗುತ್ತೆ. ಯೋಚ್ನೆ ಮಾಡಿ."

ಅಪ್ಪ ಮನೆಗೆ ಬಂದವನು ಹಾರೆ ತೆಗೆದುಕೊಂಡು ಅಡುಗೆಮನೆಗೆ ಹೋಗುತ್ತಾನೆ ಎಂದು ನಾನು ಕಾದೆ. ಬೇರೆ ಯಾರ ಅಪ್ಪನಾಗಿದ್ದರೂ ಹೋಗುತ್ತಿದ್ದನೇನೋ. ನಮ್ಮಪ್ಪ ಛೇರ್ಮನ್. ಅವನು ಮನೆಯ ಸಭೆ ಕರೆದ.

ಈ ಮನೆಯ ಸಭೆ ಅವನೇ ಮಾಡಿದ್ದ ಪದ್ಧತಿ. ಊರಿಗೆ ಒಂದು ನ್ಯಾಯ, ಮನೆಗೆ ಒಂದು ನ್ಯಾಯ ಇರಬಾರದು ಎಂದು ಅವನ ವಾದ. ಎತ್ತು ಮಾರಬೇಕೋ ಬೇಡವೋ, ಹೊಸ ಹೊಲಕ್ಕೆ ರಾಗಿಯೋ ಹುರುಳಿಯೋ, ಇಂಥದ್ದಕ್ಕೆಲ್ಲ ಸಂಜೆ ಊಟಕ್ಕೆ ಮೊದಲು ಪಡಸಾಲೆಯಲ್ಲಿ ಓಟು. ಒಂದು ಸಣ್ಣ ಬಾಯಿಯ ಕುಡಿಕೆ. ಬೇಕು ಎನ್ನುವವರು ಅವರೆಕಾಳು ಹಾಕಬೇಕು, ಬೇಡ ಎನ್ನುವವರು ಹುರುಳಿಕಾಳು. ಮುಷ್ಟಿ ಕಟ್ಟಿ ಹಾಕಬೇಕು, ಯಾರು ಯಾವುದು ಹಾಕಿದರೆಂದು ಯಾರೂ ನೋಡಬಾರದು. ಮಕ್ಕಳಿಗೆ ಓಟಿಲ್ಲ, ನಾವು ಗೋಡೆಯ ಕಡೆ ತಿರುಗಿ ಕೂರಬೇಕು. ಅಪ್ಪ ಅಧ್ಯಕ್ಷ, ಆದ್ದರಿಂದ ಕಾಳು ಹಾಕುವಂತಿಲ್ಲ, ಸಮಸಮ ಬಂದರೆ ಮಾತ್ರ ಅವನದೊಂದು. ಉಳಿದವರು ಮೂರೇ ಜನ. ಮೂರು ಜನರ ಓಟಿನಲ್ಲಿ ಗುಟ್ಟೆಂಥದ್ದು? ತಾತ ಕುಡಿಕೆಗೆ ಕೈಯನ್ನೇ ಹಾಕುತ್ತಿರಲಿಲ್ಲ. ದೊರೆಯಾದವನು ಓಟು ಹಾಕುತ್ತಾನೇನೋ ಎಂದು ನಕ್ಕು, "ನಂದೂ ನೀನೇ ಆಕವ್ವ" ಎಂದು ಮಗಳಿಗೆ ಹೇಳುತ್ತಿದ್ದ. ಅತ್ತೆ ಎರಡು ಕಾಳು ಹಾಕುತ್ತಿದ್ದಳು. ಎರಡೂ ತಾತನದೇ.

ಬೆಳಕಿಂಡಿಯ ಓಟಿನ ದಿನವೂ ಅದೇ ಆಯಿತು. ಅಪ್ಪ ಡಾಕ್ಟರು ಹೇಳಿದ್ದನ್ನು ಭಾಷಣದ ಹಾಗೆ ಹೇಳಿದ. ತಾತ ಗೋಡೆ ನೋಡುತ್ತಾ ಕೂತಿದ್ದ. ಕುಡಿಕೆ ಬಗ್ಗಿಸಿದರೆ ಎರಡು ಹುರುಳಿ, ಒಂದು ಅವರೆ. "ಬಿದ್ದೋಯ್ತು" ಎಂದ ಅಪ್ಪ. ಎತ್ತು ಮಾರುವ ಓಟು ಬಿದ್ದಾಗಲೂ ಅವನು ಅದೇ ದನಿಯಲ್ಲಿ ಹೇಳಿದ್ದ. ಅವ್ವ ಮೂರೂ ಕಾಳು ಎತ್ತಿಕೊಂಡು ಹೋಗಿ, ಕುದಿಯುತ್ತಿದ್ದ ಸಾರಿಗೆ ಹಾಕಿದಳು. ಅತ್ತೆ ಅವಳ ಹಿಂದೆಯೇ ಹೋಗಿ, ಅದೇ ಹೊಗೆಯಲ್ಲಿ, ಅದೇ ಒಲೆಯ ಮುಂದೆ ಕೂತು ಮುದ್ದೆಗೆ ಹಿಟ್ಟು ಹಾಕಿದಳು.

"ಅಕ್ಕಾ, ನಿನ್ ಕಣ್ಣೂ ಉರೀತದಲ್ಲ," ಅವ್ವ ಕೇಳಿದ್ದು ನನಗೆ ಕೇಳಿಸಿತು.

"ಉರೀತದೆ. ಅಪ್ಪನ ಮಾತು ಕೆಳಕ್ಕೆ ಬೀಳ್ಬಾರ್ದು ಕಣವ್ವ."

ಆಮೇಲೆ ಅಪ್ಪ ಕೈ ತೊಳೆಯಲು ಹಿತ್ತಿಲಿಗೆ ಬಂದಾಗ ಅವ್ವ ಚೊಂಬು ಹಿಡಿದು ನಿಂತಿದ್ದಳು. ಅವನೇ ಮಾತು ತೆಗೆದ.

"ಇವತ್ತು ನಿಂಗೋಸ್ಕರ ನಾನೇ ಕಾನೂನು ಮುರಿದ್ರೆ ನಾಳೆ ಊರಿಗೆ ಏನಂತ ಮುಖ ತೋರ್ಸ್ಲಿ?"

"ನನ್ ಮುಖ ನಿಮ್ಗೆ ಕಾಣ್ತದಲ್ಲ," ಅವ್ವ ನೀರು ಹಾಕುತ್ತಾ ಹೇಳಿದಳು. "ನಂಗೆ ನಿಮ್ದು ಸರ್ಯಾಗಿ ಕಾಣಾಕಿಲ್ಲ."

ಅದಾದ ಕೆಲವು ತಿಂಗಳಿಗೆ ಊರಿಗೆ ಗ್ರಾಮಸೇವಿಕೆಯೊಬ್ಬಳು ಬಂದಳು. ಹೊಗೆಯಾಗದ ಒಲೆ ಕಟ್ಟಿ ತೋರಿಸುವುದು ಅವಳ ಕೆಲಸ. ಮಣ್ಣಿನ ಒಲೆ, ಅದಕ್ಕೊಂದು ಕೊಳವೆ, ಕೊಳವೆ ಗೋಡೆಯಿಂದ ಆಚೆ. ಮೊದಲ ಒಲೆ ಛೇರ್ಮನ್ ಮನೆಯಲ್ಲೇ ಕಟ್ಟೋಣ, ಊರಿನವರು ನೋಡಿ ಕಲಿಯುತ್ತಾರೆ ಎಂದು ಅವಳೇ ಹೇಳಿದಳು. ಅವ್ವ ಮಣ್ಣು ಕಲಸಲು ಬುಟ್ಟಿಯನ್ನೂ ತೆಗೆದಿಟ್ಟಿದ್ದಳು. ಅಪ್ಪ ಒಪ್ಪಲಿಲ್ಲ. ಸರ್ಕಾರದಿಂದ ಬಂದದ್ದನ್ನು ಮೊದಲು ತನ್ನ ಮನೆಗೇ ಮಾಡಿಕೊಂಡ ಎಂದು ಜನ ಆಡಿಕೊಳ್ಳುತ್ತಾರಂತೆ. ತಾತನೂ ಒಪ್ಪಲಿಲ್ಲ. ಕೊಳವೆಗೆ ಗೋಡೆ ಕೊರೆಯಬೇಕಲ್ಲ. ಜೀವನದಲ್ಲಿ ಮೊದಲ ಬಾರಿ ಇಬ್ಬರದ್ದೂ ಒಂದೇ ಮಾತಾಯಿತು, ಅದೂ ಇದಕ್ಕೆ. ಆ ಸಂಜೆಯೂ ಅವರು ಸುಮ್ಮನಿರಲಿಲ್ಲ.

"ನೋಡ್ಲಾ, ಅರಸನಾಗಿದ್ರೆ ಮೊದ್ಲು ಅರಮನೆಗೆ ಕಟ್ಟಿಸ್ಕೊಂಡಿರೋನು," ತಾತ ಚುಚ್ಚಿದ.

"ಅದ್ಕೇ ಅರಸರು ಹೋಗಿದ್ದು," ಅಪ್ಪ ಹೇಳಿದ.

ಒಲೆ ಮೂರನೆಯ ಮನೆಯ ಕೆಂಪಮ್ಮನ ಅಡುಗೆಮನೆಯಲ್ಲಿ ಬಂತು. ಅವ್ವ ಹೋಗಿ ನೋಡಿ ಬಂದಳು. ಹಿತ್ತಿಲಿನಲ್ಲಿ ಬಿದ್ದಿದ್ದ ಮೂರು ದಪ್ಪ ಕಲ್ಲು ಹುಡುಕಿ, ತೊಳೆದು, ಬಿಸಿಲಿಗೆ ಇಟ್ಟಳು.

ಮಾರನೆಯ ಬೆಳಿಗ್ಗೆ ಪಡಸಾಲೆ ತುಂಬಾ ಜನ. ಕೆರೆಯ ಹೂಳು ತೆಗೆಸುವ ಮಾತು. ಹಿಂದಿನ ಅರಸರು ಮನೆಗೊಂದಾಳು ಕರೆಸಿ ತೆಗೆಸುತ್ತಿದ್ದರು ಎಂದು ತಾತನ ಕಡೆಯವರು, ಹಾಗೆ ಬಿಟ್ಟಿ ದುಡಿಸುವ ಕಾಲ ಹೋಯಿತು ಎಂದು ಅಪ್ಪನ ಕಡೆಯವರು. ಅಷ್ಟರಲ್ಲಿ ಅವ್ವ ನಡುಮನೆಯಿಂದ ಬಂದಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ಜನರ ನಡುವೆ ದಾರಿ ಮಾಡಿಕೊಂಡು, ಕಟ್ಟೆಗೂ ಕುರ್ಚಿಗೂ ನಡುವಿನ ನೆಲದಲ್ಲಿ ಮೂರು ಕಲ್ಲು ಹೂಡಿದಳು. ಆಮೇಲೆ ಬಾಣಲೆಯಲ್ಲಿ ಕೆಂಡ ತಂದಳು. ಹಸಿ ತೊಗರಿಕಡ್ಡಿ ತಂದಳು. ಮುದ್ದೆಯ ಮಡಕೆ ತಂದು ಇಟ್ಟು, ಕೂತು ಊದತೊಡಗಿದಳು.

"ಏನವ್ವಾ ಇದು?" ತಾತನ ದನಿ ಮೆತ್ತಗಿತ್ತು. "ಪಡಸಾಲೇಲಿ ಒಲೆ?"

"ಅಲ್ಲಿ ಕಣ್ಣು ಕಾಣಾಕಿಲ್ಲ ಮಾವ. ಇಲ್ಲಿ ಬೆಳಕದೆ."

"ಜನ ಇದಾರೆ ಕಣೇ," ಅಪ್ಪ ಕುರ್ಚಿಯಿಂದ ಅರ್ಧ ಎದ್ದ. "ಏನಿದು ಅವತಾರ?"

"ನಾನು ಗೋಡೆ ಮುಟ್ಟಿಲ್ಲ. ಮಾವನ ಮಾತು ಮೀರಿಲ್ಲ. ನಿಮ್ಮ ಓಟ್ಗೂ ಎದ್ರು ಓಗಿಲ್ಲ," ಎಂದಳು ಅವ್ವ, ತಲೆ ಎತ್ತದೆ. "ಒಲೆ ಎಲ್ಲಿಡ್ಬೇಕು ಅಂತ ಇಬ್ರೂ ಏನೂ ಏಳಿಲ್ಲ. ಉಂಬಾಕೆ ಇಟ್ಟು ಬೇಕೋ ಬೇಡ್ವೋ ಅದನ್ನಷ್ಟು ಏಳಿ."

ಕಡ್ಡಿ ಹತ್ತಿಕೊಂಡಿತು, ಅಂದರೆ ಹೊಗೆಯಾಯಿತು. ಕೂತಿದ್ದವರು ಒಬ್ಬೊಬ್ಬರೇ ಕೆಮ್ಮಿಕೊಂಡು ಎದ್ದರು. ಹೂಳಿನ ವಿಷಯ ಮುಂದಿನ ವಾರಕ್ಕೆ ಹೋಯಿತು. ಅವತ್ತು, ಮಾರನೆಯ ದಿನ, ಅದರ ಮಾರನೆಯ ದಿನವೂ ಒಲೆ ಅಲ್ಲೇ ಉರಿಯಿತು. ಅಪ್ಪ ಕುರ್ಚಿ ಮಡಚಿಕೊಂಡು ಜಗಲಿಗೆ ಹೋದ. ತಾತ ಕಟ್ಟೆ ಬಿಡಲಿಲ್ಲ. ಗದ್ದಿಗೆ ಬಿಟ್ಟು ಓಡಿದವನು ಅರಸನೇನೋ ಎಂದು ಅವನೇ ಎಷ್ಟೋ ಸಲ ಹೇಳಿದ್ದ. ಕಣ್ಣೀರು ಸುರಿಸುತ್ತಾ, ಪಂಚೆಯ ತುದಿಯಲ್ಲಿ ಒರೆಸಿಕೊಳ್ಳುತ್ತಾ, ಒರಗುದಿಂಬಿಗೆ ಒರಗಿ ಕೂತೇ ಇದ್ದ. ಅವನ ಪಕ್ಕದಲ್ಲಿ ಅಣ್ಣನೂ ಕಣ್ಣು ಕೆಂಪು ಮಾಡಿಕೊಂಡು ಕೂತಿರುತ್ತಿದ್ದ, ಸೈನಿಕನ ಹಾಗೆ. ಸಂಜೆ ಅವ್ವ ನಂದಿಬಟ್ಟಲು ಅರೆದು ತಂದು ಕಟ್ಟೆಯ ಮೇಲಿಟ್ಟು, "ಅಚ್ಕೊಳಿ ಮಾವ, ತಂಪು" ಎಂದಳು. ಅದರಲ್ಲಿ ಕುಹಕವಿರಲಿಲ್ಲ ಎಂದು ಅಣ್ಣ ಹೇಳುತ್ತಿದ್ದ. ಇತ್ತು ಎಂದು ನಾನು. ಮೂರನೆಯ ದಿನ ಕಡ್ಡಿಯ ಹೊರೆ ಹೊತ್ತು ತಂದು ಪಡಸಾಲೆಯಲ್ಲಿ ಇಳಿಸಿದವಳು ಅತ್ತೆ. ತನ್ನ ಅಪ್ಪನ ಮುಖ ನೋಡದೆ ಇಳಿಸಿ ಒಳಗೆ ಹೋದಳು.

ಆ ಸಂಜೆ ಅಪ್ಪ ಜಗಲಿಯಿಂದ ಬಂದು ಕುಡಿಕೆ ತೆಗೆದ. ಬಿದ್ದುಹೋದ ವಿಷಯವನ್ನು ಮತ್ತೆ ಓಟಿಗೆ ಇಡಬಹುದು, ಅದಕ್ಕೆ ಕಾನೂನಿದೆ ಎಂದ. ಯಾರೂ ಕೇಳಿರಲಿಲ್ಲ. ನನ್ನನ್ನೂ ಅಣ್ಣನನ್ನೂ ಗೋಡೆಯ ಕಡೆ ತಿರುಗಿಸಿ ಕೂರಿಸಿದರು. ತಾತ "ನಂದೂ ನೀನೇ ಆಕವ್ವ" ಎನ್ನುವುದನ್ನು ಕಾದೆ. ಎನ್ನಲಿಲ್ಲ. ಬಳೆಯ ಸದ್ದು ಕೇಳಿಸಿತು, ಅದು ಅವ್ವ. ಕುಡಿಕೆ ನೆಲಕ್ಕೆ ತಾಗಿದ ಸದ್ದು. ಬಳೆಯಿಲ್ಲದ ಕೈ ಅತ್ತೆಯದು ಎಂದುಕೊಂಡೆ. ಮತ್ತೆ ಒಂದು ಕಾಳು ಬಿದ್ದಿತು. ಆಮೇಲೆ ಅಪ್ಪ ಕೆಮ್ಮಿ, ಕುಡಿಕೆಯನ್ನು ತನ್ನ ಅಂಗೈಗೆ ಬಗ್ಗಿಸಿದ. ಅಷ್ಟು ಹೊತ್ತಿಗೆ ನಾನು ತಿರುಗಿದ್ದೆ. ಅವನ ಅಂಗೈಯಲ್ಲಿ ಮೂರು ಕಾಳಿತ್ತು. ಮೂರೂ ಅವರೆ. ಅಪ್ಪ ಎಷ್ಟಕ್ಕೆಷ್ಟು ಎಂದು ಹೇಳಲಿಲ್ಲ. ಯಾವತ್ತೂ ಹೇಳುತ್ತಿದ್ದವನು ಅವತ್ತು ಮುಷ್ಟಿ ಮುಚ್ಚಿಕೊಂಡು, "ಪಾಸಾಯ್ತು" ಎಂದಷ್ಟೇ ಹೇಳಿ ಕಾಳುಗಳನ್ನು ಅವ್ವನ ಕೈಗೆ ಕೊಟ್ಟ. ತಾತ ಕಟ್ಟೆಯ ಮೇಲೆ ಮುಖ ಒರೆಸಿಕೊಳ್ಳುತ್ತಿದ್ದ.

ಬೆಳಿಗ್ಗೆ ಎದ್ದರೆ ತಾತ ಜಗಲಿಯಲ್ಲಿ ನಿಂತು ಇಡೀ ಬೀದಿಗೆ ಕೇಳಿಸುವ ಹಾಗೆ ಕೂಗುತ್ತಿದ್ದ. "ಗಾರೆಯವನ್ನ ಕರ್ಕಂಬಾರ್ಲಾ! ಅಡಿಗೆಮನೆ ಗೋಡೆಗೆ ಕಂಡಿ ಒಡೀಬೇಕು. ಪಟೇಲ ಏಳವ್ನೆ ಅಂತೇಳು!" ಅಣ್ಣ ಓಡಿದ. ಗಾರೆಯವನು ಬಂದು ಹಾರೆ ಹಾಕಿದ. ಹಳೆಯ ಮಣ್ಣಿನ ಗೋಡೆ, ಮೊದಲ ಏಟಿಗೇ ಹಿಟ್ಟಿನ ಹಾಗೆ ಉದುರಿತು. ಮಧ್ಯಾಹ್ನಕ್ಕೆ ಮೊರದಗಲದ ಬೆಳಕು ಒಲೆಯ ಮೇಲೆ ಬಿದ್ದಿತ್ತು. ಅಷ್ಟು ವರ್ಷ ಎದುರಿಗಿದ್ದ ಗೋಡೆ ಎಷ್ಟು ಕಪ್ಪಗಿತ್ತೆಂದು ನಮಗೆ ಗೊತ್ತಾದದ್ದು ಆಗ. ಪಟೇಲರು ಒಂದು ಮಾತು ಹೇಳಿದರು, ಕಂಡಿ ಬಿತ್ತು ಎಂದು ಊರೆಲ್ಲ ಆಡಿಕೊಂಡಿತು. ಅಪ್ಪ ಅದನ್ನು ಕೇಳಿಯೂ ಏನೂ ಹೇಳಲಿಲ್ಲ. ಅವನು ಜೀವನದಲ್ಲಿ ಗೆದ್ದೂ ಸುಮ್ಮನಿದ್ದದ್ದು ಅದೊಂದೇ ಸಲ. ಮರುದಿನ ಕುರ್ಚಿ ಮತ್ತೆ ಪಡಸಾಲೆಗೆ ಬಂತು, ವಾದವೂ ಬಂತು. ಅವ್ವನ ಬಲಗಣ್ಣು ಉಳಿಯಿತು. ಎಡಗಣ್ಣಿನಲ್ಲಿ ಒಂದು ಬಿಳಿ ಪೊರೆ ಕೂತಿದ್ದು ಕೊನೆಯವರೆಗೂ ಹೋಗಲಿಲ್ಲ. ಇನ್ನೊಂದಿಷ್ಟು ಮುಂಚೆ ಬಂದಿದ್ದರೆ, ಎಂದು ಡಾಕ್ಟರು ಹೇಳಲು ಹೋಗಿ ನಿಲ್ಲಿಸಿದರು.

ಆ ಮೂರನೆಯ ಕಾಳು ಯಾರದು ಎಂಬುದು ನನ್ನ ಮತ್ತು ಅಣ್ಣನ ಜಗಳ. ಅವ್ವನದೊಂದು, ಅತ್ತೆಯದೊಂದು, ಅದರಲ್ಲಿ ಇಬ್ಬರಿಗೂ ಅನುಮಾನವಿಲ್ಲ. ಮೂರನೆಯದು ಅಪ್ಪನದು ಎಂದು ಅಣ್ಣ. ತಾತ ಆಡಿದ ಮಾತಿಗೆ ತಪ್ಪುವವನಲ್ಲ, ಕುಡಿಕೆಯ ಹತ್ತಿರವೂ ಸುಳಿದಿರುವುದಿಲ್ಲ. ಕಾನೂನು ಮುರಿದು ಕಾಳು ಹಾಕಿದವನು ನಿಮ್ಮ ಛೇರ್ಮನ್ನೇ, ಅದಕ್ಕೇ ಲೆಕ್ಕ ಹೇಳದೆ ಮುಷ್ಟಿ ಮುಚ್ಚಿಕೊಂಡ ಎನ್ನುತ್ತಿದ್ದ. ತಾತನದು ಎಂದು ನಾನು. ಅಪ್ಪ ಹೆಂಡತಿಗೋಸ್ಕರವೂ ನಿಯಮ ಮುರಿಯದವನು. ಯಾರೂ ನೋಡುವುದಿಲ್ಲ ಎಂಬ ಧೈರ್ಯದ ಮೇಲೆ ದೊರೆಯೇ ಓಟು ಹಾಕಿದ, ಅವನ ಮಾನ ಉಳಿಸಲು ಅಪ್ಪ ಮುಷ್ಟಿ ಮುಚ್ಚಿದ ಎನ್ನುತ್ತಿದ್ದೆ. ಅವ್ವ ಬದುಕಿದ್ದಾಗ ಒಮ್ಮೆ ಅವಳನ್ನೇ ಕೇಳಿದೆವು. "ಯಾರ್ದೋ ಕಾಳು ಬುಡ್ರೋ, ಬೇಯ್ಸಿ ತಿಂದಾಯ್ತು" ಎಂದಳು. ನಮಗೆ ಅಷ್ಟಕ್ಕೆ ತೃಪ್ತಿಯಿಲ್ಲ. ನನ್ನ ಮದುವೆಯಲ್ಲಿ, ಅವನ ಗೃಹಪ್ರವೇಶದಲ್ಲಿ, ತಾತನ ತಿಥಿಯಲ್ಲಿ, ಅಪ್ಪನ ತಿಥಿಯಲ್ಲಿ ಅದೇ. ಅವನ ಹೆಂಡತಿ, ನನ್ನ ಗಂಡ, ಇಬ್ಬರೂ ತಲೆ ಚಚ್ಚಿಕೊಳ್ಳುತ್ತಿದ್ದರು.

ಎಂಥ ದಡ್ಡರು ನಾವು. ಅವನು ಪ್ರೀತಿಸಿದ್ದು ತಾತನನ್ನು, ಅವ್ವನ ಕಣ್ಣು ಉಳಿಸಿದ ಪುಣ್ಯವನ್ನು ಕೊಟ್ಟದ್ದು ಅಪ್ಪನಿಗೆ. ನಾನು ಅಪ್ಪನ ಮಗಳು, ಕೊಟ್ಟದ್ದು ತಾತನಿಗೆ. ನಮ್ಮವನು ಬಗ್ಗಲಿಲ್ಲ ಎಂಬುದೇ ಇಬ್ಬರಿಗೂ ದೊಡ್ಡದಾಗಿತ್ತು. ಆ ಮನೆಯಲ್ಲಿ ದೊಡ್ಡ ಕೆಲಸವೆಂದು ನಡೆದದ್ದು ಒಂದೇ, ಇಬ್ಬರಲ್ಲಿ ಯಾರೋ ಒಬ್ಬರು ಬಗ್ಗಿದ್ದು. ಅವರು ಬಗ್ಗಿದ್ದಾದರೂ ಯಾಕೆ, ಹೊಗೆ ತಮ್ಮ ಕಣ್ಣಿಗೆ ಬಂದ ಮೇಲೆ. ಇಷ್ಟು ಹೇಳಲು ನನಗೆ ಈ ವಯಸ್ಸಾಗಬೇಕಾಯಿತು, ಅಣ್ಣ ಹೋಗಬೇಕಾಯಿತು.

ಹೆಬ್ಬಾಳದ ಹತ್ತಿರದ ಆಸ್ಪತ್ರೆಯಲ್ಲಿ ಅವನು ಮಲಗಿದ್ದಾಗ ದಿನಾ ಹೋಗುತ್ತಿದ್ದೆ. ಮೂಗಿಗೆ ಕೊಳವೆ ಹಾಕಿದ್ದರು, ಮಾತು ಕಡಿಮೆಯಾಗಿತ್ತು. ಒಂದು ಮಧ್ಯಾಹ್ನ ನಾನು ಸುಮ್ಮನೆ ಪೇಪರು ಓದಿ ಹೇಳುತ್ತಿದ್ದೆ. ಯಾವುದೋ ಮಂತ್ರಿ, ಯಾವುದೋ ಕೆರೆ. ಅವನು ಕೈಸನ್ನೆ ಮಾಡಿ ನಿಲ್ಲಿಸಿದ.

"ಸರೋಜಿ, ಆ ಕಾಳು ತಾತಂದೇ ಇರ್ಬೇಕು ಬಿಡು. ನೀನ್ ಹೇಳಿದ್ದೇ ಸರಿ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪಕ್ಕದ ಮಂಚದವರು ತಿರುಗಿ ನೋಡಿದರು.

"ಯಾವಾಗ ಒಪ್ಕೊಂಡಿದ್ದೆ ನೀನು? ಈಗ್ಯಾಕೆ ಒಪ್ಕೋತೀಯ? ತಾತ ಮಾತಿಗೆ ತಪ್ಪೋನೇನೋ? ಅದು ಅಪ್ಪಂದು ಕಣೋ. ಅಪ್ಪನೇ ಹಾಕಿದ್ದು. ಅಪ್ಪನೇ ಕಾನೂನು ಮುರಿದಿದ್ದು. ಹೇಳು, ಅಲ್ಲ ಅನ್ನು ನೋಡೋಣ."

ಕಾದೆ. ಅವನು ನನ್ನ ಕಡೆ ನೋಡಿ ನಕ್ಕ ಹಾಗಾಯಿತು. ಅಲ್ಲ ಅನ್ನಲಿಲ್ಲ.